ಅವ್ವ ಓದುವ ಸಿನಿಮಾ

"ಈ ಮನಿಗೆ ಡಿಗ್ರಿ ಬರೂದು ಆಗದ ಮಾತು" ಎಂದಿದ್ದವನು ನಮ್ಮ ಸಿದ್ದಪ್ಪ ಕಾಕಾ. ಬಂತು! ತೊಗರಿ ಕೊಯ್ದು, ಹುಮನಾಬಾದ್ ಬಸ್ಸಿನಲ್ಲಿ ನಿಂತುಕೊಂಡೇ ಓದಿ, ನಾನು ಮನೆತನದ ಮೊದಲ ಬಿ.ಎಸ್ಸಿ. ಆದೆ.

ಮೊನ್ನೆ ಬಸವಕಲ್ಯಾಣದ ನಮ್ಮ ಮನೆಯ ಗೋಡೆಗಳಿಗೆ ಸಿಮೆಂಟಿನ ಗಿಲಾವು ಮಾಡಿಸಿದಾಗ ಡಿಶ್‌ನ ವೈರನ್ನು ಅಂದಕ್ಕಾಗಿ ಗೋಡೆಯೊಳಗೆ ಹೂಳಿಸಿದೆ. ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ಟಿವಿಯ ನೆತ್ತಿಯ ಮೇಲೆ ನಾನೇ ಮೊಳೆ ಹೊಡೆದು ತೂಗುಹಾಕಿದೆ. ಟಿವಿ ನೋಡುವವರು ನನ್ನನ್ನೂ ನೋಡಲಿ ಎಂಬ ಸದುದ್ದೇಶ.

ನಮ್ಮ ಅವ್ವನಿಗೆ ಕಿವಿ ಕೇಳುವುದಿಲ್ಲ. ಅಕ್ಷರ ಬರುತ್ತದೆ, ನಾನು ಶಾಲೆಯ ಪಾಠ ಬರೆಯುವಾಗ ಪಕ್ಕದಲ್ಲಿ ಕುಳಿತು ಕಲಿತದ್ದು. ಭಾನುವಾರ ಮಧ್ಯಾಹ್ನದ ಸಿನಿಮಾಕ್ಕೆ ಪರದೆಯ ಕೆಳಗೆ ಕನ್ನಡದಲ್ಲಿ ಮಾತುಗಳು ಬರುತ್ತವೆ. ಅವ್ವ ಅವನ್ನು ಜೋರಾಗಿ ಓದುತ್ತಾಳೆ. ಓದಲು ಬಾರದ ಓಣಿಯ ಹೆಂಗಸರೆಲ್ಲ ಕೇಳಲು ಬರುತ್ತಾರೆ. ನಾಯಕಿ ಪಿಸುಗುಟ್ಟಿದರೂ ಅವ್ವನ ಬಾಯಲ್ಲಿ ಅದು ಸಂತೆಯ ಕೂಗು! ಪಕ್ಕದ ಮನೆಯ ರಜಿಯಾ ಖಾಲಾ ಅಂತೂ ಟಿವಿಯ ದನಿಯನ್ನೇ ಬಂದ್ ಮಾಡಿಸುತ್ತಾರೆ.

ಆ ಭಾನುವಾರ ನಾಯಕಿಯ ಮುಖ ಚೌಕ ಚೌಕವಾಗಿ ಒಡೆಯಿತು. ಆಮೇಲೆ ಪರದೆ ನೀಲಿ.

"ಡಿಶ್ ರಿಪೇರಿಯವರಿಗೆ ಫೋನ್ ಹಚ್ಚಲೇನು?" ಎಂದ ಕಾಕಾ.

"ಭೌತಶಾಸ್ತ್ರ ಓದಿದವನು ಮನೆಯಲ್ಲಿರುವಾಗ?" ಎಂದು ರಿಮೋಟ್ ಎತ್ತಿಕೊಂಡೆ.

ಒತ್ತಿದೆ. ಮತ್ತೆ ಒತ್ತಿದೆ. ಚಿತ್ರ ತಾನಾಗಿಯೇ ಮರಳಿತು! ಹೆಂಗಸರು ಅವ್ವನ ಕಡೆ ತಿರುಗಿದರು. ಅವ್ವ ಬಾಯಿ ತೆರೆದಳು, ಮುಚ್ಚಿದಳು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು.

"ನನಗ ಅಕ್ಷರ ಮರತುಹೋದ್ವೇನಪಾ?"

ರಿಮೋಟಿನ ಮೇಲಿನ ನನ್ನ ಕೈಚಳಕದಿಂದ ಕೆಳಗಿನ ಮಾತುಗಳೆಲ್ಲ ತಮಿಳಾಗಿದ್ದವು. ಹಾಗೆಂದು ಸನ್ನೆಯಲ್ಲಿ ಹೇಳುವಷ್ಟರಲ್ಲಿ ಪರದೆ ಮತ್ತೆ ನೀಲಿ. ಅವ್ವ ಎದ್ದು ಒಳಗೆ ಹೋದಳು. ಹೆಂಗಸರು ಚಪ್ಪಲಿ ಹುಡುಕಿದರು.

ಮಾಳಿಗೆ ಹತ್ತಿ ಡಿಶ್‌ನ ಬೋಲ್ಟ್ ಸಡಿಲಿಸಿದೆ. ಅದು ನನ್ನ ಕೈ ಬಿಡಿಸಿಕೊಂಡು ಖಾಲಾರ ಅಡುಗೆಮನೆಯ ಕಡೆ ಮುಖ ಮಾಡಿತು.

"ಅರೇ ಬೇಟಾ, ನಮ್ಮ ಮನ್ಯಾಗ ಇವತ್ತ ಬರೇ ಬ್ಯಾಳಿ ಅದ. ಅದನ್ನೇನು ತೋರಸ್ತದ?" ಎಂದು ಖಾಲಾ ಕೆಳಗಿನಿಂದ ಕೂಗಿದರು.

ಹುಮನಾಬಾದಿಗೆ ಹೋಗಿ, ಅಲ್ಲಿನ ಮಾಣಿಕನಗರದ ಅಂಗಡಿಯಲ್ಲಿ ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಗುಂಡು ಕೊಂಡು ತಂದೆ. ತುಕ್ಕಿನ ಗುರುತು ನೋಡಿ ಡಿಶ್ಶನ್ನು ಮೊದಲಿನ ದಿಕ್ಕಿಗೇ ತಿರುಗಿಸಿ, ಗುಂಡು ಕೂರಿಸಿದೆ. ವಾರವಿಡೀ ರಿಮೋಟ್ ಜೊತೆ ಗುದ್ದಾಡಿ ಸೆಟ್ಟಿಂಗಿನಲ್ಲಿ ಕನ್ನಡವನ್ನು ಮರಳಿ ತಂದೆ. ಕನ್ನಡ ಬಂತು, ಚಿತ್ರ ಬರಲಿಲ್ಲ!

ಮುಂದಿನ ಭಾನುವಾರ ಹೆಂಗಸರು ಬಂದು ನೀಲಿ ಪರದೆಯ ಮುಂದೆ ಕುಳಿತರು. ತಮಿಳಿನ ವಿಷಯ ನಾನು ಎಷ್ಟು ಸನ್ನೆ ಮಾಡಿ ಹೇಳಿದ್ದರೂ ನಂಬದ ಅವ್ವ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಬೆವರು ಒರೆಸಿಕೊಂಡು ಫ್ಯಾನ್ ಹಾಕಿದೆ. ಚಿತ್ರ ಮಿಣಕ್ ಎಂದಿತು. ಹೋಯಿತು. ಮತ್ತೆ ಮಿಣಕ್.

"ಆ ಫೋಟೋ ಅಲುಗಿದಾಗೆಲ್ಲ ಟಿವಿ ಬರಾಕತ್ತದ ನೋಡ್ರಿ!" ಎಂದರು ಖಾಲಾ.

ಎಲ್ಲರೂ ತಲೆಯೆತ್ತಿ ನನ್ನ ಡಿಗ್ರಿಯನ್ನು ನೋಡಿದರು. ಇಷ್ಟು ದಿನ ನಾನು ಬಯಸಿದ್ದೂ ಅದನ್ನೇ!

"ವೈರ್ ಯಾವ ಕಡಿಂದ ಬಂದದ, ಸಾಹೇಬ್ರ?" ಕಾಕಾ ಬಹಳ ಮರ್ಯಾದೆಯಿಂದ ಕೇಳಿದ. ನಾನು ಕಟ್ಟಿನ ಹಿಂದಿನ ಗೋಡೆಗೆ ಬೆರಳು ತೋರಿಸಿದೆ.

ಕಾಕಾ ಕಟ್ಟನ್ನು ಇಳಿಸಿ, ಇಕ್ಕಳ ಹಾಕಿ ಮೊಳೆ ಎಳೆದ. ಅದರ ತುದಿಗೆ ತಾಮ್ರದ ಎಳೆಯೊಂದು ಅಂಟಿಕೊಂಡಿತ್ತು. ಪರದೆ ತುಂಬ ಚಿತ್ರ. ಕೆಳಗೆ ದಪ್ಪ ದಪ್ಪ ಕನ್ನಡ.

ಖಾಲಾ ಒಳಗೆ ಹೋಗಿ ಅವ್ವನನ್ನು ಕೈಹಿಡಿದು ಕರೆತಂದರು. ಅವ್ವ ಪರದೆಯನ್ನು ಅನುಮಾನದಿಂದ ನೋಡಿದಳು. ತುಟಿ ಅಲುಗಿತು. ಆಮೇಲೆ ಓಣಿಯ ಆ ತುದಿಗೂ ಕೇಳುವಂತೆ: "ನನ್ನನ್ನು ಬಿಟ್ಟು ಹೋಗಬೇಡಿ!"

ಹೆಂಗಸರೆಲ್ಲ ನಿಟ್ಟುಸಿರಿಟ್ಟರು. ನಾನು ಈಗಲಾದರೂ ವಿಷಯ ವಿವರಿಸಬೇಕೆಂದು ಗಂಟಲು ಸರಿಮಾಡಿಕೊಂಡೆ. "ಅದು ಏನಾಗಿತ್ತಂದರೆ, ತಾಮ್ರದ ಎಳೆಗೆ ಕಬ್ಬಿಣದ ಮೊಳೆ ತಾಗಿದಾಗ..."

ಕಾಕಾ ಪ್ರಮಾಣಪತ್ರದ ಧೂಳನ್ನು ತನ್ನ ಟವೆಲ್ಲಿನಿಂದ ಒರೆಸಿ, ಎರಡೂ ಕೈಯಿಂದ ನನಗೆ ಒಪ್ಪಿಸಿದ.

"ತಗೋಪಾ, ಪೆಟ್ಟಿಗ್ಯಾಗ ಇಡು. ಗದ್ದಲ ಮಾಡಬ್ಯಾಡ, ನಿಮ್ಮವ್ವ ಓದಾಕತ್ತಾಳ."