ರೆಡ್ ಆಕ್ಸೈಡ್ ಹೊಡೆದ ದಿನ

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಮೇಲೆ ನಾನು ಮಾಡದ ಕೆಲಸವಿಲ್ಲ, ಕಾಲೂರಿ ನಿಂತ ಊರಿಲ್ಲ. ಹೋದಲ್ಲೆಲ್ಲ ಒಂದು ಮಾತ್ರ ತಪ್ಪಲಿಲ್ಲ: ಯಜಮಾನರು ಕೈಕೆಲಸ ನೋಡುವ ಮೊದಲು ಮುಖ ನೋಡುತ್ತಿದ್ದರು. ಇವು ತೊಂಬತ್ತರ ದಶಕದಲ್ಲಿ ಭದ್ರಾವತಿಯ ಒಂದು ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ನಡೆದವು.

೧

ನನ್ನ ಜೊತೆಗಿದ್ದ ಪೇಂಟರ್ ಮನೆಯಲ್ಲಿ ತಮಿಳು ಮಾತಾಡುವವನು, ಕಡುಕಪ್ಪು. ನನಗೆ ಕೆಲಸ ಕಲಿಸಿದವನೇ ಅವನು. ಒಂದು ದಿನ ಯಜಮಾನರು ಗಿರಾಕಿಗಳೆದುರು ಕೇಳಿದರು:

“ನಿಂದು ಯಾವೂರೋ?”

“ಇಲ್ಲೇ ಭದ್ರಾವತಿ, ಜನ್ನಾಪುರ.”

“ಅದಲ್ಲೋ, ನಿಜವಾದ ಊರು?”

“ಜನ್ನಾಪುರ ಬಸ್‌ಸ್ಟಾಪ್ ಹಿಂದೆ. ನಮ್ಮಪ್ಪ ಹುಟ್ಟಿದ್ದೂ ಅಲ್ಲೇ. ತಮ್ಮದು ಯಜಮಾನ್ರೇ?”

ಯಜಮಾನರು ಕೆಮ್ಮಿದರು. ಅವರು ಹಾವೇರಿ ಕಡೆಯಿಂದ ಬಂದು ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ.

೨

ಬೇಸಿಗೆಯಲ್ಲಿ ಲಾರಿಯ ನೆತ್ತಿ ಕಾದ ಹೆಂಚು. ಅಲ್ಲಿಗೆ ಹತ್ತುವವನು ಯಾವಾಗಲೂ ಪೇಂಟರ್. ಬೆಳ್ಳಗಿದ್ದ ನನಗೆ ನೆರಳಿನ ಕೆಲಸ. “ನಿನಗೆ ಬಿಸಿಲು ತಾಗಲ್ಲ ಬಿಡು ಮಾರಾಯ,” ಅನ್ನುತ್ತಿದ್ದರು ಯಜಮಾನರು ಅವನಿಗೆ.

ಒಮ್ಮೆ ಯಜಮಾನರು ಬಂದು ನೋಡಿದರೆ ಪೇಂಟರ್ ಲಾರಿ ಕೆಳಗೆ ಮಲಗಿದ್ದಾನೆ.

“ಏನೋ ಇದು?”

“ಇನ್ನೂ ಕಪ್ಪಾದರೆ ಮುಂದೆ ಎಲ್ಲಿಗೆ ಹತ್ತಿಸ್ತೀರೋ ಅಂತ ಭಯ ಯಜಮಾನ್ರೇ!”

೩

ಹಳೇ ಮೇಸ್ತ್ರಿ ಕೆಲಸ ಬಿಟ್ಟರು. ಆ ಜಾಗ ತನಗೇ ಅಂತ ನಂಬಿ ಪೇಂಟರ್ ಗಾಂಧಿ ಬಜಾರಿನಿಂದ ಬಟ್ಟೆ ತಂದು ಬಿಳಿ ಅಂಗಿ ಹೊಲಿಸಿಟ್ಟಿದ್ದ. ಯಜಮಾನರು ನನ್ನನ್ನು ಕರೆದು, “ಗಿರಾಕಿ ಎದುರು ನಿಲ್ಲೋನು ನಮ್ಮೋರ ಹಾಗೆ ಕಾಣಬೇಕು. ನೀನೇ ಮೇಸ್ತ್ರಿ,” ಅಂದರು. ನಾನಾಗಲೇ ಊರು ಬಿಡುವ ಯೋಚನೆಯಲ್ಲಿದ್ದೆ.

ಮಾರನೇ ದಿನ ಲಾರಿಗೆ ರೆಡ್ ಆಕ್ಸೈಡ್ ಹೊಡೆಯುತ್ತಿದ್ದೆವು. ಮೂಗಿಗೆ ಬಟ್ಟೆ, ಮೈಯೆಲ್ಲ ಕೆಂಪು. ಯಾರು ಯಾರೆಂದು ಗೊತ್ತಾಗದು. ನನಗೆ ಮೇಸ್ತ್ರಿ ಕೆಲಸ ಒಪ್ಪಿಸಲು ಯಜಮಾನರು ತಾಂಬೂಲದ ತಟ್ಟೆ ಹಿಡಿದು, ಲಾರಿಯ ಮಾಲೀಕರಾದ ಆಯನೂರಿನ ಹಿರಿಯರನ್ನೂ ಕರೆದುಕೊಂಡು ಓಡಿ ಬಂದರು.

“ರಾಹುಕಾಲ ಬಂತು, ಬಾರೋ ಬೇಗ!”

ನಾನು ಪೇಂಟರನನ್ನು ಮುಂದೆ ನೂಕಿದೆ. ಯಜಮಾನರು ಅವನ ಕೈಗೆ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು, “ಇವತ್ತಿಂದ ಇವನೇ ನಮ್ಮ ಮೇಸ್ತ್ರಿ!” ಎಂದು ಕೂಗಿದರು. ಅವನು ಕಾಲಿಗೆ ಬಿದ್ದು ಎದ್ದು, ಮೂಗಿನ ಬಟ್ಟೆ ಬಿಚ್ಚಿದ.

“ನೀನಾ! ಕೊಡೋ ಇಲ್ಲಿ!”

ಆಯನೂರಿನವರು ಅಡ್ಡ ಬಂದರು. “ಕೊಟ್ಟ ತಾಂಬೂಲ ವಾಪಸ್ ತಗೋತಾರೇನ್ರೀ? ಅದೂ ನನ್ನ ಲಾರಿ ಮುಂದೆ!”

ಯಜಮಾನರು ಖಾಲಿ ತಟ್ಟೆ ಹಿಡಿದು ಒಳಗೆ ಹೋದರು.

ಮಾರನೇ ದಿನ ಶೆಡ್ಡಿನ ಬಾಗಿಲಿಗೆ ಬಕೆಟ್ಟು, ಸೋಪು ಬಂತು. ಇನ್ನು ಮುಂದೆ ತಾಂಬೂಲ ತಗೊಳ್ಳುವವರು ಮೊದಲು ಮುಖ ತೊಳೆಯಬೇಕಂತೆ. ಯಜಮಾನರ ಈ ಅಪ್ಪಣೆಯನ್ನು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದವನು, ಬಿಳಿ ಅಂಗಿ ತೊಟ್ಟ ಹೊಸ ಮೇಸ್ತ್ರಿ.