ಅವ್ವನ ಸ್ಕೂಟರಿಗೆ ಅಪ್ಪನ ವಿರೋಧ

ವಾದದಲ್ಲಿ ಗೆದ್ದವರಿಗೆ ಮನೆಯಲ್ಲಿ ಚಹಾ ತಡವಾಗಿ ಸಿಗುತ್ತದೆ. ಯಾವ ಚರ್ಚಾಸ್ಪರ್ಧೆಯ ತೀರ್ಪುಗಾರರೂ ಇದನ್ನು ಮೊದಲೇ ತಿಳಿಸುವುದಿಲ್ಲ. ಪಾರಿತೋಷಕ ಕೈಗಿಟ್ಟು, ಭುಜ ತಟ್ಟಿ, ಬಸ್ಸು ಹತ್ತಿಸಿ ಕಳಿಸಿಬಿಡುತ್ತಾರೆ. ಆಮೇಲಿನದನ್ನು ಮನೆಯವರು ಅನುಭವಿಸಬೇಕು. ನಮ್ಮ ಮನೆಯವರು ನನ್ನನ್ನು ಹೈಸ್ಕೂಲಿನಿಂದ ಅನುಭವಿಸುತ್ತಿದ್ದಾರೆ. ಸಾರಿಗೆ ಉಪ್ಪು ಕಮ್ಮಿ ಎಂದರೆ, ಯಾವುದಕ್ಕೆ ಹೋಲಿಸಿದರೆ ಕಮ್ಮಿ ಎಂದು ಕೇಳುವವಳು ನಾನು. ಮಾನ್ವಿಯ ನಮ್ಮ ಓಣಿಯಲ್ಲಿ ಬೆಕ್ಕು ಅಡ್ಡ ಬಂತೆಂದು ನಿಂತವರ ಪಕ್ಕ ನಿಂತು, ಬೆಕ್ಕಿನ ಕಡೆಯಿಂದ ನೋಡಿದರೆ ನೀವೇ ಅಡ್ಡ ಬಂದಿದ್ದೀರಿ ಎಂದು ವಾದಿಸಿದ್ದೇನೆ. ಅಪ್ಪನ ಅತ್ತಿಗೆ, ಅಂದರೆ ನಮ್ಮ ದೊಡ್ಡವ್ವ, ನೀರಮಾನ್ವಿಯ ಎಲ್ಲಮ್ಮನಿಗೆ ನಡೆದುಕೊಳ್ಳುವವಳು. ಮನೆಯ ಗೂಡಿನಲ್ಲಿ ಬುದ್ಧನನ್ನು ಇಟ್ಟುಕೊಂಡು ಅಲ್ಲಿಗೂ ಹೋಗುವುದು ಯಾವ ತರ್ಕ ಎಂದು ಅವಳಿಗೊಮ್ಮೆ ಅಡ್ಡಪ್ರಶ್ನೆ ಹಾಕಿದೆ. ಅವಳು ಸೆರಗು ಸರಿಮಾಡಿಕೊಂಡು, “ಎಲ್ಲಮ್ಮ ನಿನ್ನಂಗ ನಡುವ ಬಾಯಿ ಹಾಕಂಗಿಲ್ಲವ್ವಾ. ನಾ ಹೇಳಿದ್ದು ಪೂರಾ ಕೇಳ್ತಾಳ,” ಅಂದಳು. ನನಗೆ ಉತ್ತರ ಹೊಳೆದಾಗ ಅವಳ ಬಸ್ಸು ಹೋಗಿತ್ತು.

ಈ ಚಾಳಿಗೆ ನೀರೆರೆದವನು ಅಪ್ಪ. ಅವನ ಅಪ್ಪ ದೇವದುರ್ಗದ ಕಡೆ ಕಂಡವರ ಹೊಲದಲ್ಲಿ ಕೂಲಿ ಮಾಡಿದವನು. ಹೊಲದ ಧಣಿ ಏನು ಕೇಳಿದರೂ ನೆಲ ನೋಡುತ್ತ ‘ಹ್ಞೂಂರೀ’ ಅನ್ನುತ್ತಿದ್ದನಂತೆ. “ನಮ್ಮ ಮನಿತನದಾಗ ಆಡೋ ಮಾತು ಬಾಳ ಬಾಕಿ ಉಳದಾವ. ನೀ ಆಡಿ ಮುಗಸವ್ವಾ,” ಎಂದು ಅಪ್ಪ ನನ್ನನ್ನು ವೇದಿಕೆ ಹತ್ತಿಸಿದ. ನಾನು ಬಡ್ಡಿ ಸಮೇತ ಆಡತೊಡಗಿದೆ. ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ದೇವದುರ್ಗದಲ್ಲಿ ಹಳ್ಳಿಯ ಬದುಕೇ ಲೇಸೆಂದು ಗೆದ್ದವಳು, ಅದರ ಮುಂದಿನ ವಾರವೇ ರಾಯಚೂರಿನಲ್ಲಿ ಪಟ್ಟಣದ ಬದುಕೇ ಲೇಸೆಂದು ಗೆದ್ದೆ. ಎರಡೂ ಕಡೆ ಬಳಸಿದ ಉದಾಹರಣೆಗಳು ಒಂದೇ ಆಗಿದ್ದವು. ಧ್ವನಿ ಮಾತ್ರ ಬದಲಿಸಿದ್ದೆ.

ಹೀಗೆ ಮೆರೆಯುತ್ತಿದ್ದವಳು ರಾಯಚೂರಿನ ಕಾಲೇಜಿನಲ್ಲಿ ಪ್ರಬಂಧ ರಚನೆಯ ತರಗತಿಗೆ ಬಂದು ಹುಲಿಗೆಮ್ಮ ಮೇಡಂ ಕೈಗೆ ಸಿಕ್ಕೆ. ಅವರು ಕಲಿಸುತ್ತಿದ್ದುದು ಸಮತೋಲನದ ವಾದ. ಒಂದು ವಿಷಯದ ಎರಡೂ ಮಗ್ಗುಲನ್ನು ಸಮನಾಗಿ ತೂಗಿ, ಆಮೇಲೆ ನಿಮ್ಮ ನಿಲುವನ್ನು ಬರೆಯಬೇಕು. ಇದರಲ್ಲಿ ಕಲಿಯುವುದೇನಿದೆ ಎಂದುಕೊಂಡು, ಕಾಲೇಜಿಗೆ ಮೊಬೈಲ್ ತರುವ ವಿಷಯದ ಮೇಲೆ ನಾಲ್ಕು ಪುಟ ಬೀಸಿ ಒಗೆದೆ. ಮೇಡಂ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎದುರಿನವರಿಗೆ ಕುರ್ಚಿ ಹಾಕೀದಿ. ಛಲೋ ಆತು. ಅವರು ಕುಂದ್ರೂದ್ರಾಗ ಎಳದ್ ಬಿಟ್ಟೀಯಲ್ಲವ್ವಾ.”

“ಅವರ ವಾದದಾಗ ಬಲ ಇರಲಿಲ್ರಿ ಮೇಡಂ.”

“ಬಲ ಇಲ್ಲದ್ದು ಅವರ ವಾದದಾಗ ಅಲ್ಲ. ನೀ ಅದನ್ನ ಬರದದ್ರಾಗ.”

ಆಮೇಲೆ ಅವರು ನನ್ನೊಬ್ಬಳಿಗೇ ಎಂಬಂತೆ ಒಂದು ನಿಯಮ ಹಾಕಿದರು. ಮನೆಯಲ್ಲಿ ನಿಜವಾಗಿಯೂ ನಡೆಯುತ್ತಿರುವ ಒಂದು ತಕರಾರನ್ನು ಆರಿಸಿಕೊಳ್ಳಬೇಕು. ನನಗೆ ಒಪ್ಪಿಗೆಯಿಲ್ಲದ ಪಕ್ಷವನ್ನು ಮೊದಲು ಬರೆದು, ಆ ಪಕ್ಷದವರ ಮುಂದೆ ಓದಬೇಕು. ಅವರು ‘ಹೌದು, ಇದೇ ನನ್ನ ಮಾತು’ ಅನ್ನುವವರೆಗೆ ನನ್ನ ಪಕ್ಷದ ಒಂದು ಸಾಲನ್ನೂ ಬರೆಯುವಂತಿಲ್ಲ.

ತಕರಾರು ಹುಡುಕಲು ದೂರ ಹೋಗಬೇಕಿರಲಿಲ್ಲ. ಅವ್ವ ಬಾಗಲವಾಡದ ದಾರಿಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಟೀಚರ್. ಅಪ್ಪ ಮಾನ್ವಿಯಲ್ಲೇ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ದಿನಾ ಬೆಳಿಗ್ಗೆ ಅವನು ಅವ್ವನನ್ನು ತನ್ನ ಹಳೆಯ ಬೈಕಿನಲ್ಲಿ ಶಾಲೆಗೆ ಬಿಟ್ಟು ವಾಪಸು ಬರುತ್ತಾನೆ. ಸಂಜೆ ಕಚೇರಿ ತಡವಾಗಿ ಬಿಡುತ್ತದೆ, ಹಾಗಾಗಿ ಅವ್ವ ಬರುವುದು ಟಂಟಂನಲ್ಲಿ. ನಮ್ಮ ಕಡೆಯ ಟಂಟಂ ಎಂದರೆ ತುಂಬಿದ ಮೇಲೂ ಇನ್ನಿಬ್ಬರು ಹತ್ತುವವರೆಗೆ ಅಲುಗದ ಆಟೋ. ಅವ್ವ ಬೇವಿನ ಗಿಡದ ಕೆಳಗೆ ನಿಂತು ನಿಂತು ಬೇಸತ್ತು, ನನಗೊಂದು ಸ್ಕೂಟರ್ ಬೇಕು ಅಂದಳು. ಅವಳದೇ ಸಂಬಳ, ಅವಳದೇ ಕಾಲು; ಹೋಗಿ ತರಬಹುದಿತ್ತು. ಆದರೆ ಅವಳಿಗೆ ಅಪ್ಪನ ಬಾಯಿಂದ ಒಂದು ‘ಹ್ಞೂಂ’ ಬೇಕಿತ್ತು. ಅಪ್ಪ ಆ ಒಂದಕ್ಷರವನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದ. ಉಸುಕಿನ ಟಿಪ್ಪರ್ ಮೈಮೇಲೆ ಬರುತ್ತವೆ, ಕುರಿಹಿಂಡು ಅಡ್ಡ ನಿಲ್ಲುತ್ತದೆ, ಸೆರಗು ಗಾಲಿಗೆ ಸಿಗುತ್ತದೆ, ನಿನಗೆ ಮೊದಲೇ ಮೊಳಕಾಲು ನೋವು. ಅವ್ವ ಈ ಮಾತು ತೆಗೆದ ದಿನದಿಂದ ಇಬ್ಬರ ನಡುವೆ ಮನೆಯಲ್ಲಿ ಸದ್ದೇ ಕಮ್ಮಿಯಾಗಿತ್ತು. ಹಾಸ್ಟೆಲಿನಿಂದ ಪ್ರತಿ ಶನಿವಾರ ಊರಿಗೆ ಬರುವ ನನಗೆ, ನಡುಮನೆಯಲ್ಲಿ ಫ್ಯಾನು ತಿರುಗುವುದು ಕೇಳಿಸುತ್ತಿತ್ತು.

ನಾನು ಪೂರಾ ಅವ್ವನ ಪರ. ಆದ್ದರಿಂದ ನಿಯಮದ ಪ್ರಕಾರ ಅಪ್ಪನ ವಕೀಲಿಕೆ ವಹಿಸಿಕೊಂಡೆ. ರಸ್ತೆಯ ಅವಸ್ಥೆ, ವಾಹನ ದಟ್ಟಣೆ, ಆರೋಗ್ಯದ ದೃಷ್ಟಿ ಎಂದು ಉಪಶೀರ್ಷಿಕೆ ಕೊಟ್ಟು ಬರೆದು, ಭಾನುವಾರ ಅಂಗಳದಲ್ಲಿ ಕುಳಿತಿದ್ದ ಅವನ ಮುಂದೆ ಓದಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದ.

“ಛಲೋ ಬರ್ದೀದಿ.”

“ಹಂಗಾರ ಇದೇ ನಿನ್ನ ಮಾತೇನಪಾ?”

“ಇದು ಪೇಪರ್‌ನ್ಯಾಗ ಬರೋ ಮಾತವ್ವಾ. ನಂದಲ್ಲ.”

ಮುಂದಿನ ವಾರ ಇನ್ನಷ್ಟು ಕಾರಣ ಸೇರಿಸಿ ತಂದೆ. ಕಬ್ಬಿಣದ ಸರಳು ಹೇರಿದ ಟ್ರ್ಯಾಕ್ಟರ್, ಮಳೆಗಾಲದ ರಾಡಿ, ಬೀದಿನಾಯಿ, ಹೆಲ್ಮೆಟ್ಟಿನಿಂದ ಬರುವ ತಲೆನೋವು. ಓದಿ ಮುಗಿಸುವ ಹೊತ್ತಿಗೆ ಅಪ್ಪನ ಮುಖ ಸಣ್ಣದಾಗಿತ್ತು. “ನೀ ನನ್ನ ಪರ ಹಿಂಗ ವಾದ ಮಾಡಿದಿ ಅಂದ್ರ, ನನಗs ಆಕಿಗೆ ಗಾಡಿ ಕೊಡಸಬೇಕು ಅನ್ನಸ್ತದ,” ಅಂದ. ವೇದಿಕೆಯ ಮೇಲೆ ನನ್ನನ್ನು ಸೋಲಿಸಿದವರು ಕೆಲವರಿದ್ದಾರೆ. ನಾನು ಯಾರ ಪರ ನಿಂತಿದ್ದೇನೋ ಅವರೇ ನನ್ನನ್ನು ಸೋಲಿಸಿದ್ದು ಇದೇ ಮೊದಲು.

ಅದರ ಮುಂದಿನ ವಾರ ನನಗೆ ಸಹನೆ ಉಳಿದಿರಲಿಲ್ಲ. ಪ್ರಬಂಧ ಕೊಡಬೇಕಾದ ದಿನ ಹತ್ತಿರ ಬಂದಿತ್ತು, ಅವ್ವನ ಮುಖ ಇನ್ನೂ ಗಂಟಾಗಿತ್ತು. ಅಪ್ಪ ಹಳೆಯ ಬನಿಯನ್ನಿನ ತುಂಡಿನಿಂದ ಬೈಕು ಒರೆಸುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಪಾಟೀಸವಾಲು ಶುರು ಮಾಡಿದೆ.

“ಯಪ್ಪಾ, ನೀ ಆಕಿನ್ನ ಹಿಂದ ಕುಂದ್ರಿಸಿಕೊಂಡು ಹೋಗ್ತಿಯಲ್ಲ, ಅದ ರಸ್ತೆ ಅಲ್ಲೇನು?”

“ಅದ.”

“ಟಿಪ್ಪರ್ ನಿನ್ನ ನೋಡಿ ಸರದ್ ಹೋಗ್ತಾವೇನು?”

“ಇಲ್ಲ.”

“ಸೆರಗು ಹಿಂದ ಕುಂತ್ರ ಗಾಲಿಗಿ ಸಿಗಂಗಿಲ್ಲೇನು? ಹಿಂದ ಕುಂತವರಿಗೇ ಜಾಸ್ತಿ ಸಿಗ್ತದ. ನಿನ್ನ ಆಫೀಸು ಇಲ್ಲೇ ಅದ. ಆಕಿ ಗಾಡಿ ತೊಗೊಂಡ್ರ ನಿನಗs ಆರಾಮು, ಪೆಟ್ರೋಲ್ ಉಳಿತದ, ನಿದ್ದಿ ಉಳಿತದ. ಮತ್ಯಾಕ?”

ಅಪ್ಪ ಬನಿಯನ್ನಿನ ತುಂಡನ್ನು ಕೊಡವಿ ಮಡಚಿದ. ಸ್ಪರ್ಧೆಯಲ್ಲಾದರೆ ಇದು ತೀರ್ಪುಗಾರರ ಕಡೆ ತಿರುಗಿ, ‘ಎದುರಾಳಿಗಳ ಬಳಿ ಉತ್ತರವಿಲ್ಲ ಎಂಬುದನ್ನು ಗಮನಿಸಬೇಕು’ ಎಂದು ಬಾಗಿ ನಮಸ್ಕರಿಸುವ ಗಳಿಗೆ. ಆ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಇಲ್ಲಿ ತಿರುಗಿ ನೋಡಿದರೆ ಇದ್ದದ್ದು ನೀರಿನ ತೊಟ್ಟಿ. ಜೊತೆಗೆ, ಕುರ್ಚಿ ಎಳೆಯಬೇಡ ಎಂದ ಮೇಡಂ ನೆನಪಾದರು. ಬಾಯಿ ಮುಚ್ಚಿಕೊಂಡು ನಿಂತೆ. ಇದು ನನಗೆ ಎಷ್ಟು ಕಷ್ಟದ ಕೆಲಸ ಎಂಬುದು ನನ್ನ ಜೊತೆ ಒಂದು ಬಸ್ ಪ್ರಯಾಣ ಮಾಡಿದವರಿಗೂ ಗೊತ್ತು.

ಅಪ್ಪ ಹೆಡ್‌ಲೈಟನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಮನ್ಯಾಗ ಆಕಿಗಿ ಅಡಿಗಿ, ಶಾಲಿ ಪೇಪರು, ಫೋನು,” ಅಂದ ಬೈಕಿಗೆ ಹೇಳುವವನ ಹಾಗೆ. “ನಾ ಏನರ ಅಂದ್ರ ‘ಹ್ಞಾಂ, ತಡೀರಿ’ ಅಂತಾಳ. ಗಾಡಿ ಮ್ಯಾಲೆ ಕುಂತಾಗ ಎಲ್ಲಾ ಹೇಳ್ತಾಳ. ಯಾವ ಹುಡುಗ ಅತ್ತ, ಹೆಡ್‌ಮಾಸ್ತರ ಏನಂದ, ಕನಸಿನ್ಯಾಗ ಏನ್ ಬಂತು. ಕಿವ್ಯಾಗ ಹೇಳಿದಂಗ ಹೇಳ್ತಾಳ. ಅದೊಂದs ಹೊತ್ತು ನೋಡವ್ವಾ.”

“ಇದು... ಇದು ಬಾಳ ಬಲವಾದ ವಾದ ಅದಪಾ,” ಅಂದೆ.

“ಇದನ್ನ ಬರೀಬ್ಯಾಡ.”

“ಬರೀಲಿಕ್ಕೇ ಬೇಕು. ಮೇಡಂ ನಿಯಮ ಅದ.”

“ನಾಳಿ ನಿಮ್ಮ ಮೇಡಂ ಎಲ್ಲಿಯರ ಸಿಕ್ಕರ ನಾ ಮಾರಿ ಹೆಂಗ ತೋರಸ್ಲಿ? ಕಾಲೇಜಿನ ಪ್ರಬಂಧದಾಗ ಬರೀಬ್ಯಾಡ ಅಂದ್ರ ಬರೀಬ್ಯಾಡ.”

ಒಪ್ಪಿಕೊಂಡೆ. ಕಾಲೇಜಿನ ಪ್ರಬಂಧದಲ್ಲಿ ಬರೆಯಬೇಡ ಎಂದನೇ ಹೊರತು ಬೇರೆಲ್ಲೂ ಬರೆಯಬೇಡ ಎನ್ನಲಿಲ್ಲ. ಈಗ ನೀವು ಓದುತ್ತಿರುವುದು ಅವನ ಕಣ್ಣಿಗೆ ಬಿದ್ದರೆ ಈ ವಾದವನ್ನು ಮಂಡಿಸಲು ಸಿದ್ಧಳಿದ್ದೇನೆ.

ಆ ದಿನ ಮೇಡಂ ನಿಯಮವನ್ನು ಬದಿಗಿಟ್ಟು ಪ್ರಬಂಧ ಮುಗಿಸಿದೆ. ಅಪ್ಪನ ಪಕ್ಷಕ್ಕೆ ಅದೇ ಟಿಪ್ಪರ್, ಅದೇ ಕುರಿ, ಅದೇ ಸೆರಗು. ಅವ್ವನ ಪಕ್ಷಕ್ಕೆ ಬೇವಿನ ಗಿಡ, ಅಲುಗದ ಟಂಟಂ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕುಳಿತು ಎರಡನ್ನೂ ಓದಿದೆ. ಅಪ್ಪ ನಡುಮನೆಯಲ್ಲಿ ಪೇಪರು ಹಿಡಿದಿದ್ದ. ಬಹಳ ಹೊತ್ತಿನಿಂದ ಹಾಳೆ ತಿರುವಿರಲಿಲ್ಲ. ತನ್ನ ಪಕ್ಷ ಬಂದಾಗ ಅವ್ವ ತಲೆಯಾಡಿಸಿದಳು. ಅಪ್ಪನದು ಕೇಳಿ ನಕ್ಕಳು.

“ಇದು ನಿಮ್ಮಪ್ಪನ ಮಾತಲ್ಲ.”

“ಆತನs ಹೇಳಿದ್ದು ಬೇ. ನಾ ಕೇಳಿ ಬರಕೊಂಡೀನಿ.”

“ಹೇಳಿರಬಹುದು. ಆದ್ರ ಆತನ ಮಾತಲ್ಲ. ಆತನ ಮಾತು ನನಗ ಗೊತ್ತದ.”

ನಾನು ಹಾಳೆಯೊಳಗೆ ಮುಖ ಹುದುಗಿಸಿದೆ. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ನಡುಮನೆಯ ಕಡೆ ದನಿ ಏರಿಸಿದಳು.

“ಏನ್ರೀ, ಗಾಡಿ ತಂದ ಮ್ಯಾಲೆ ನಾ ಒಬ್ಬಾಕಿನs ಹೋಗ್ತೀನಿ ಅಂತ ಯಾರ ಹೇಳ್ಯಾರ? ನನಗ ಲಗೂ ಕೈ ಕುಂದ್ರಂಗಿಲ್ಲ. ಮುಂಜಾನಿ ಹಿಂದ ಕುಂತು ಯಾರರ ಹೇಳಿಕೊಡಬೇಕಲ್ಲ.”

ರೊಟ್ಟಿ ಉಬ್ಬಿತು. ಅದನ್ನು ತಿರುವಿ ಹಾಕುವ ಹೊತ್ತಿಗೆ ಅಪ್ಪ ಪೇಪರಿನ ಹಿಂದಿನಿಂದ ಕೆಮ್ಮಿದ.

“ಬಣ್ಣ ಯಾವ್ದು ಅಂತ ಮಾಡೀದಿ?”

ನಾನು ವಾರಗಟ್ಟಲೆ ತೂಗಿ ಬರೆದದ್ದೆಲ್ಲ ನನ್ನ ತೊಡೆಯ ಮೇಲಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ನೀಲಿ ಬಣ್ಣದ ಸ್ಕೂಟರ್ ಬಂತು. ಅವ್ವನಿಗೆ ಕೈ ಕೂತಿದೆಯೋ ಇಲ್ಲವೋ ಎಂಬುದಕ್ಕೆ ನಾನೇ ಪ್ರತ್ಯಕ್ಷ ಸಾಕ್ಷಿ: ಭಾನುವಾರದ ಸಂತೆಗೆ ಒಬ್ಬಳೇ ಹೋಗಿ, ಕಾಯಿಪಲ್ಲೆಯ ಚೀಲ ಕಾಲ ಬಳಿ ಇಟ್ಟುಕೊಂಡು, ಎಮ್ಮೆಗಳ ನಡುವೆ ಒಂದೂ ಕಾಲು ನೆಲಕ್ಕೆ ತಾಗಿಸದೆ ಬರುತ್ತಾಳೆ. ಆದರೆ ಶಾಲೆಯ ದಿನ ಬೆಳಿಗ್ಗೆ ಅವಳ ಕೈ ಯಾಕೋ ಕೂರುವುದಿಲ್ಲ. ಅಪ್ಪ ಹಿಂದೆ ಕುಳಿತು ಹಳ್ಳಿಯವರೆಗೂ ಹೋಗುತ್ತಾನೆ. ಅವಳನ್ನು ಶಾಲೆಯಲ್ಲಿ ಬಿಟ್ಟು, ಅಂದರೆ ಅವಳಿಂದಲೇ ಅಲ್ಲಿಗೆ ಬಿಡಿಸಿಕೊಂಡು, ಟಂಟಂನ ಹಿಂದಿನ ಕಂಬಿಗೆ ಜೋತುಬಿದ್ದು ಮಾನ್ವಿಗೆ ವಾಪಸಾಗುತ್ತಾನೆ. ಕಚೇರಿಯಲ್ಲಿ ಯಾರಾದರೂ ಕೇಳಿದರೆ, “ಇನ್ನಾ ಹೊಸದಾಗಿ ಕಲ್ಯಾಕತ್ತಾಳ್ರೀ,” ಅನ್ನುತ್ತಾನಂತೆ. ಸಂಜೆ ಅವ್ವ ಒಬ್ಬಳೇ ಬರುತ್ತಾಳೆ; ಆಗ ಕಲಿತವಳಾಗಿರುತ್ತಾಳೆ. ಇದರಲ್ಲಿರುವ ವಿರೋಧಾಭಾಸವನ್ನು ನಾನು ಒಮ್ಮೆಯೂ ಎತ್ತಿ ತೋರಿಸಿಲ್ಲ. ನನಗೀಗ ಚಹಾ ಹೊತ್ತಿಗೆ ಸರಿಯಾಗಿ ಸಿಗುತ್ತಿದೆ.

ಪ್ರಬಂಧ ವಾಪಸು ಬಂತು. ಕೊನೆಯಲ್ಲಿ ಹುಲಿಗೆಮ್ಮ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ವಿರೋಧ ಪಕ್ಷ ದುರ್ಬಲ. ಮುಖ್ಯವಾದ ಕಾರಣವೇ ಬಿಟ್ಟುಹೋದಂತಿದೆ. ತಂದೆಯವರನ್ನು ಸರಿಯಾಗಿ ಕೇಳಿಲ್ಲ.’ ಅಂಕವೂ ಆ ಮಾತಿಗೆ ತಕ್ಕಂತೆಯೇ ಇತ್ತು. ಗೆಳತಿಯರು ಖುಷಿಯಿಂದ, ನಾನು ಸ್ಟಾಫ್‌ರೂಮಿಗೆ ನುಗ್ಗಿ ಮಾಡಲಿರುವ ವಾದವನ್ನು ಕೇಳಲು ಬಾಗಿಲ ಹೊರಗೆ ಜಾಗ ಹಿಡಿದರು. ನಾನೂ ಹೋದೆ. ಆ ಕೆಂಪು ಸಾಲುಗಳಿಗೆ ಇಡೀ ರಾಯಚೂರು ಜಿಲ್ಲೆಯಲ್ಲಿ ಯಾರೂ ಕೊಡಲಾರದ ಉತ್ತರ ನನ್ನ ಗಂಟಲಲ್ಲಿತ್ತು.

“ಯಾಕವ್ವಾ, ಬಂದಿ?” ಮೇಡಂ ಪೆನ್ನು ಕೆಳಗಿಟ್ಟು ಜಗಳಕ್ಕೆ ತಯಾರಾದರು. “ಏನ್ ತಕರಾರು ಅದ, ಹೇಳು.”

“ಏನಿಲ್ರಿ ಮೇಡಂ. ನೀವು ಬರದದ್ದು ಖರೆ ಅದ. ನಾ ಸರಿಯಾಗಿ ಕೇಳಿಲ್ಲ.”

ಅವರು ಕುರ್ಚಿಯಿಂದ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿ, ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಮೇಡಂಗೆ, “ಈ ಹುಡುಗಿನ್ನ ಹಾಸ್ಟೆಲಿಗಿ ಕಳಸ್ರಿ, ಆರಾಮಿಲ್ಲ,” ಅಂದರು.