ಮಾಯಣ್ಣ ಆರಿಸಿದ ಅಣಬೆ

ಎರಡು ಬಾಟಲಿಗಳಲ್ಲಿ ಒಂದನ್ನು ಆರಿಸಬೇಕಾಗಿ ಬಂದದ್ದೇ ಮಾಯಣ್ಣನ ತಾಪತ್ರಯಕ್ಕೆಲ್ಲ ಮೂಲ. ಒಂದೇ ಬಂದಿದ್ದರೆ ಕಣ್ಣುಮುಚ್ಚಿಕೊಂಡು ಮನೆಗೆ ಒಯ್ಯುತ್ತಿದ್ದ. ಮೂರು ಬಂದಿದ್ದರೆ ತಲೆಕೆಟ್ಟು ಮೂರನ್ನೂ ಒಯ್ಯುತ್ತಿದ್ದ. ಎರಡು ಬಂದಾಗ ಮನುಷ್ಯನಿಗೆ ತಾನು ಬುದ್ಧಿವಂತ ಅನ್ನಿಸಿಬಿಡುತ್ತದೆ.

ತಂದುಕೊಟ್ಟವನು ದಂಡಪಾಣಿ. ಮಾಯಣ್ಣನ ಬಾಮೈದ ಚೆನ್ನಕೇಶವನ್ ಮಲೇಷ್ಯಾದ ಪಿನಾಂಗಿನಲ್ಲಿ ಕೆಲಸಕ್ಕಿದ್ದ ಜವಳಿ ಅಂಗಡಿಯಲ್ಲೇ ಇವನೂ ಇದ್ದು, ರಜೆಯ ಮೇಲೆ ಊರಿಗೆ ಬಂದಿದ್ದ. ಬೆಳಿಗ್ಗೆ ಏಳಕ್ಕೆ ಪಲ್ಲಡದಲ್ಲಿ ಇಳಿದವನು, ಪೊಳ್ಳಾಚಿ ಬಸ್ಸು ಬರುವುದರೊಳಗೆ ಎಂದು ನೂಲಿಗೆ ಗಂಜಿ ಹಾಕುವ, ಮಾಯಣ್ಣ ಮೇಸ್ತ್ರಿಯಾಗಿದ್ದ ಸೈಜಿಂಗ್ ಮಿಲ್ಲಿನ ಗೇಟಿಗೆ ಓಡಿಬಂದು ಎರಡು ಜಾಮ್ ಬಾಟಲಿಗಳನ್ನು ಮಾಯಣ್ಣನ ಕೈಗಿಟ್ಟ. ಎರಡರಲ್ಲೂ ಕಂದು ಪುಡಿ. ಒಂದು ತುಸು ತೆಳು ಬಣ್ಣ, ಒಂದು ತುಸು ಗಾಢ.

"ಏನಪ್ಪ ಇದು, ಲೇಬಲ್ಲೇ ಇಲ್ಲ?"

"ಕಸ್ಟಮ್ಸ್ ಭಯ ಮಾಯಣ್ಣಾ. ಚೀನಾ ಅಕ್ಷರ ಕಂಡ್ರೆ ಆ ಆಫೀಸರುಗಳು ಪೊಲೀಸ್ ನಾಯಿ ತರ ಮೂಸ್ತಾರಂತೆ. ಡಬ್ಬದಿಂದ ಸುರಿದು ಇದರಲ್ಲಿ ಹಾಕ್ಬಿಟ್ಟೆ. ಕಾಳಾನ್ ಸತ್ವ. ಅಣಬೆ, ಅಣಬೆ! ಚೀನಾದೋರು ದಿನಾ ಬಿಸಿನೀರಲ್ಲಿ ಕುಡೀತಾರೆ, ಒಡಂಬಿಗೆ, ಮೈಗೆ, ಒಳ್ಳೇದಂತೆ. ಆದ್ರೆ ಅಂಗಡಿಗೆ ಹೋದ್ರೆ ಹತ್ತು ತರ ಇದೆ. ಒಂದು ಕುದಿಸಿ ಸತ್ವ ಇಳಿಸಿದ್ದು, ಒಂದು ಬರೀ ಒಣಗಿಸಿ ಅರೆದದ್ದು, ಒಂದರಲ್ಲಿ ಅಣಬೆಗಿಂತ ಹಿಟ್ಟೇ ಜಾಸ್ತಿ. ನೋಡಿ ಆರಿಸಬೇಕು, ನೋಡಿ ಆರಿಸಬೇಕು ಅಂತ ಚೆನ್ನಕೇಶವನ್ ಅಲ್ಲಿ ನನ್ನ ತಲೆ ತಿಂದುಬಿಟ್ಟ. ಮಿಕ್ಕಿದ್ದೆಲ್ಲ ಅವನ ಕಾಗದದಲ್ಲಿದೆ, ಅದು ದೊಡ್ಡ ಪೆಟ್ಟೀಲಿ, ಸಾಯಂಕಾಲ ತರ್ತೀನಿ. ಬಸ್ ಬಂತು, ಬರ್ತೀನಿ, ವರೇನ್!"

ಎಂದವನೇ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೂ ಇನ್ನೊಂದು ಕಾಲು ಪಲ್ಲಡಂ ಧೂಳಿನಲ್ಲೂ ಇಟ್ಟು ಹೊರಟೇಹೋದ.

ಮಾಯಣ್ಣನ ಎದೆ ಹಗುರಾಯಿತು. ಆರು ತಿಂಗಳ ಹಿಂದೆ ಅವನ ಹೆಂಡತಿ ಕಮಲಾತಾಳ್‌ಗೆ ಕಾಮಾಲೆ ಆಗಿತ್ತು. ಕಾಮಾಲೆ ಹೋಯಿತು, ಹೋಗುವಾಗ ಅವಳ ಹಸಿವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಾಲ್ಕು ಇಡ್ಲಿ ಎರಡಾಯಿತು, ಎರಡು ಒಂದಾಯಿತು. ಈಗ ಅರ್ಧ ಇಡ್ಲಿಯನ್ನು ಬೆರಳಲ್ಲಿ ಹಿಸುಕುತ್ತ ಗೋಡೆ ನೋಡುತ್ತಾಳೆ. ಮನೆಯಲ್ಲಿ ನಗು ನಿಂತು, ಕರೆಂಟು ಹೋದ ಲೂಮ್ ಶೆಡ್ಡಿನಂತಾಗಿತ್ತು. ನಾಟಿವೈದ್ಯ ಅಂಗಪ್ಪನ್ "ಮೂರು ತಿಂಗಳು ಹುಳಿ ಬೇಡ, ಕಾರ ಬೇಡ, ಕಾಪಿ ಬೇಡವೇ ಬೇಡ" ಎಂದಿದ್ದ. ಮಾಯಣ್ಣ ಜಾಗ್ರತೆಯ ಮನುಷ್ಯ, ಮೂರನ್ನು ಆರು ಮಾಡಿದ್ದ. ಕಾಪಿ ಫಿಲ್ಟರನ್ನು ಅಟ್ಟದ ಮೇಲೆ, ಹಳೇ ಚರಕದ ಹಿಂದೆ ಬಚ್ಚಿಟ್ಟಿದ್ದ. ಅವನ ಹೊಟ್ಟೆಪಾಡು ನೂಲಿಗೆ ಹಾಕುವ ಗಂಜಿಯದು; ಅವಳಿಗೂ ದಿನಾ ಗಂಜಿಯೇ. ಅವಳು ಒಂದು ತಟ್ಟೆ ಅನ್ನವನ್ನು ಮನಸಾರೆ ಉಂಡದ್ದನ್ನು ನೋಡಬೇಕು, ಅಷ್ಟೇ ಅವನ ಆಸೆ.

ಹಾಗಾಗಿ ಆರಿಸುವುದರಲ್ಲಿ ತಪ್ಪಬಾರದು.

ಮೂಸಿ ನೋಡೋಣವೆಂದರೆ ಮಾಯಣ್ಣನ ಮೂಗು ಮುಖದ ಅಲಂಕಾರಕ್ಕೆ ಮಾತ್ರ ಉಳಿದಿತ್ತು. ಇಪ್ಪತ್ತೈದು ವರ್ಷ ಹುಳಿತ ಗಂಜಿಯ ಹಬೆ ಕುಡಿದು, ಅದರ ಮೇಲೆ ನಸ್ಯ ಏರಿಸಿ, ಆ ಮೂಗಿಗೆ ಮಲ್ಲಿಗೆಯೂ ಮಣ್ಣೆಣ್ಣೆಯೂ ಒಂದೇ. ಎದೆಗೂ ಹತ್ತಿಯ ಧೂಳು ಸೇರಿ ಒಂದು ಕೆಮ್ಮು ಖಾಯಂ ಬಾಡಿಗೆಗೆ ಬಂದಿತ್ತು. ಖಟಕ್ ಖಟಕ್ ಎಂದು ಅವನು ಕೆಮ್ಮಿದರೆ ಪಕ್ಕದ ಮನೆಯವರು ರಾತ್ರಿ ಪಾಳಿ ಲೂಮ್ ಶುರುವಾಯಿತೆಂದುಕೊಳ್ಳುತ್ತಿದ್ದರು. ಅದನ್ನು ಮಾತ್ರ ಅವನು ಲೆಕ್ಕಕ್ಕೇ ಇಟ್ಟವನಲ್ಲ.

ಆದರೆ ಮೂಗಿಲ್ಲದಿದ್ದರೇನು, ಮಾಯಣ್ಣನ ಅಂಗಿ ಜೇಬಿನಲ್ಲಿ ಅಯೋಡಿನ್ ಇತ್ತು. ಹುಡುಗನಾಗಿದ್ದಾಗ ತಿರುಪ್ಪೂರಿನಲ್ಲಿ ಬಟ್ಟೆ ಬಿಳುಪು ಮಾಡುವ ಬ್ಲೀಚಿಂಗ್ ಕಾರ್ಖಾನೆಯಲ್ಲಿ ಕಲಿತ ವಿದ್ಯೆ. ತೊಳೆದ ಬಟ್ಟೆಯಲ್ಲಿ ಗಂಜಿ ಉಳಿದಿದೆಯೋ ನೋಡಲು ಒಂದು ತೊಟ್ಟು ಬಿಡುವುದು. ಗಂಜಿ ಇದ್ದರೆ ಥಟ್ಟನೆ ನವಿಲಿನ ಕತ್ತಿನ ಬಣ್ಣ, ಇಲ್ಲದಿದ್ದರೆ ಸುಮ್ಮನೆ ಕಂದು. ದೇವರಿಗೆ ಮೋಸ ಮಾಡಬಹುದು, ಅಯೋಡಿನ್‌ಗೆ ಆಗುವುದಿಲ್ಲ ಎಂಬುದು ಅವನ ನಂಬಿಕೆ.

"ಹಿಟ್ಟು ಬೆರೆಸಿರೋದು ಯಾವುದು ಅಂತ ಇದೇ ಹೇಳುತ್ತೆ ನೋಡು," ಎಂದ ಬಾಯ್ಲರ್ ನೋಡಿಕೊಳ್ಳುವ ಮೈಲ್‌ಸಾಮಿಗೆ.

ಮೈಲ್‌ಸಾಮಿ ಕೈ ಹಿಂದೆ ಕಟ್ಟಿ, ಹೊಟ್ಟೆ ಮುಂದೆ ಬಿಟ್ಟು, ಥೇಟ್ ಮಿಲ್ಲಿನ ಒಡೆಯ, ಮೊದಲಾಳಿ ರಾಮಲಿಂಗಂ ಅವರ ಗಂಟಲಿನಲ್ಲಿ, "ಏನಯ್ಯಾ ಮೇಸ್ತ್ರೀ, ನೂಲಿಗೆ ಸೈಜಿಂಗ್ ಮಾಡಯ್ಯಾ ಅಂದ್ರೆ ಅಣಬೆಗೆ ಮಾಡ್ತಿದೀಯಾ?" ಎಂದ. ಮಾಯಣ್ಣ ಒಂದು ಕ್ಷಣ ಎದ್ದು ನಿಂತೇಬಿಟ್ಟಿದ್ದ.

ಗಾಢ ಬಣ್ಣದ ಪುಡಿಗೆ ಒಂದು ತೊಟ್ಟು. ಕಂದು ಕಂದಾಗಿಯೇ ಉಳಿಯಿತು. ತೆಳು ಬಣ್ಣದ್ದಕ್ಕೆ ಒಂದು ತೊಟ್ಟು. ಕಾಗದದ ಮೇಲೆ ನವಿಲೇ ಬಂದು ಕೂತಿತು.

"ನಕಲಿ!" ಎಂದು ಮಾಯಣ್ಣ ಮೇಜು ಗುದ್ದಿದ. ಗಾಢ ಪುಡಿಯ ಚಿಟಿಕೆ ನಾಲಿಗೆಗಿಟ್ಟರೆ ಕಹಿ. ನೀರಿಗೆ ಹಾಕಿದರೆ ಗಸಿಯಿಲ್ಲದೆ ಕರಗಿತು. "ಸತ್ವ ಅಂದ್ರೆ ಇದಪ್ಪಾ!"

"ಇನ್ನೊಂದನ್ನ ಬಿಸಾಕಲಾ?" ಎಂದ ಮೈಲ್‌ಸಾಮಿ.

ಸೈಜಿಂಗ್‌ನವನ ಕಿವಿಗೆ ಬೀಳಬಾರದ ಮಾತದು. ಗಂಜಿಯನ್ನು ಬಿಸಾಡುವುದೆಂದರೆ ಅನ್ನ ತುಳಿದಂತೆ. "ಹಿಟ್ಟು ಹಿಟ್ಟೇ ಕಣಯ್ಯಾ," ಎಂದು ಮಾಯಣ್ಣ ಬಾಟಲಿಯನ್ನು ಪೂರ್ತಿಯಾಗಿ ಕುದಿಯುತ್ತಿದ್ದ ಮರಗೆಣಸಿನ ಗಂಜಿಯ ಕೊಪ್ಪರಿಗೆಗೆ ಬೋರಲು ಹಾಕಿ, ಬುಡ ತಟ್ಟಿ, ಮಿಷಿನ್ನನ್ನು ಮೈಲ್‌ಸಾಮಿಗೆ ಒಪ್ಪಿಸಿ, ಅರ್ಧ ದಿನ ರಜೆ ಹೇಳಿ ಮನೆಗೆ ಹೊರಟ.

ದಾರಿಯಲ್ಲಿ ಒಂದು ನಿರ್ಧಾರ ಮಾಡಿದ. ತನ್ನ ತಮ್ಮ ಕಳಿಸಿದ್ದರಲ್ಲಿ ಒಂದು ನಕಲಿ ಎಂದರೆ ಕಮಲ ನೊಂದುಕೊಂಡಾಳು. ಆ ಬಾಟಲಿಯ ಸುದ್ದಿಯೇ ಬೇಡ.

ಮನೆಯಲ್ಲಿ ಅವನೇ ನೀರು ಕಾಯಿಸಿ, ಒಂದು ಚಮಚ ಪುಡಿ ಹಾಕಿ ಕದಡಿ, ಲೋಟ ಹಿಡಿದು ಅವಳ ಮುಂದೆ ಕೂತ. "ಚೆನ್ನಕೇಶವನ್ ಕಳಿಸಿದ್ದಾನೆ. ಅಣಬೆ ಸತ್ವ. ಕಹಿ ಅಂತ ಮುಖ ಸಿಂಡರಿಸಬೇಡ. ಕಹಿ ಇದ್ರೇನೇ ಅಸಲಿ."

ಕಮಲಾತಾಳ್ ಲೋಟವನ್ನು ಮೂಗಿನ ಬಳಿ ತಂದವಳು ಹಾಗೇ ನಿಂತಳು. ಕಣ್ಣು ಅಗಲವಾಯಿತು. ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಪರೀಕ್ಷೆ ಪಾಸಾದ ಹೆಮ್ಮೆ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಗುಟುಕು ಕುಡಿದಳು. ಇನ್ನೊಂದು. ಮೂರನೆಯದಕ್ಕೆ ಕಣ್ಣು ಮುಚ್ಚಿದಳು.

"ಹೆಂಗಿದೆ?"

"ಅಣಬೇನಾ ಇದು?"

"ಅಯೋಡಿನ್ ಹಾಕಿ ನೋಡಿದ್ದೀನಿ."

"ಹಂಗಾದ್ರೆ ಅಣಬೇನೇ," ಎಂದಳು ಕಮಲಾತಾಳ್ ತಗ್ಗಿದ ದನಿಯಲ್ಲಿ. ಆಮೇಲೆ ಮೆಲ್ಲಗೆ, "ಬೇರೇನೂ ಕಳಿಸಿಲ್ವಾ ಅವನು?" ಎಂದು ಕೇಳಿದಳು.

"ಇಷ್ಟೇ," ಎಂದ ಮಾಯಣ್ಣ, ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ. ತಿರುಗಿದಾಗ ಕೆಮ್ಮು ಬಂತು. ಅವಳು ಅವನ ಬೆನ್ನನ್ನೇ ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಮುತ್ತಮ್ಮಾಳ್, ದಾರ ಕಟ್ಟಿ ಎಳೆದಂತೆ ಒಳಗೆ ಬಂದಳು. ಅರವತ್ತರ ಮುದುಕಿ, ಬೀದಿಯಲ್ಲಿ ಯಾರ ಮನೆಯ ಒಗ್ಗರಣೆಗೆ ಸಾಸಿವೆ ಎಷ್ಟು ಬಿತ್ತು ಎಂದು ಮೂಗಿನಲ್ಲೇ ಎಣಿಸುವವಳು. "ಏನ್ ಕಮಲಾ, ಆರು ತಿಂಗಳಾದ ಮೇಲೆ ಈ ಮನೇಲಿ—"

"ಅಣಬೆ ಸತ್ವ, ಅತ್ತೆ!" ಎಂದು ಕಮಲಾತಾಳ್ ಕಣ್ಣಲ್ಲೇ ಅವಳ ಬಾಯಿಗೆ ಬೀಗ ಹಾಕಿದಳು. "ಇವರೇ ಪರೀಕ್ಷೆ ಮಾಡಿ ತಂದಿದ್ದಾರೆ."

ಮುತ್ತಮ್ಮಾಳ್ ಲೋಟ ನೋಡಿದಳು, ಮಾಯಣ್ಣನನ್ನು ನೋಡಿದಳು. ಅವಳ ಮುಖದೊಳಗೆ ಏನೋ ಒಂದು ಬುಡುಬುಡನೆ ಮೇಲೆದ್ದು, ಗಂಟಲಲ್ಲಿ ಸಿಕ್ಕಿ, ಕೊನೆಗೆ ಗಂಭೀರವಾಗಿ ಹೊರಬಂತು. "ಓ! ಅಣಬೆ! ನಮ್ಮಪ್ಪನ ಕಾಲದಲ್ಲಿ ಗುಡುಗು ಬಿದ್ರೆ ಏಳ್ತಿತ್ತು. ಇದನ್ನ ಹಿಂಗೆ ಬರೀ ನೀರಲ್ಲಿ ಕೊಡಬಾರದಪ್ಪಾ." ತಕ್ಷಣ ಮೂಗು ಹಿಡಿದು, ವೈದ್ಯ ಅಂಗಪ್ಪನ್‌ನಂತೆಯೇ ಗೊಣಗಿದಳು: "ಹಾಂಲು... ಬೆಂಲ್ಲ... ಅನುಪಾಂನ ಮುಂಖ್ಯ!"

ಹಾಲು ಬಂತು, ಬೆಲ್ಲ ಬಂತು. ಎರಡನೇ ಲೋಟ ಇಳಿಯುವ ಹೊತ್ತಿಗೆ ಕಮಲಾತಾಳ್ ಮುಖಕ್ಕೆ ಬಣ್ಣ ಬಂತು. ಹಾಗೇ ಮುತ್ತಮ್ಮಾಳ್‌ಗೂ ಆವತ್ತೇ ಸೊಂಟ ನೋವು ಶುರುವಾಯಿತು.

ಬೀದಿಯಲ್ಲಿ ಕಾಯಿಲೆಗಳು ಎದ್ದದ್ದೇ ಹಾಗೆ. ಎದುರುಮನೆಯ ಬೆಳ್ಳಿಯಪ್ಪ, ಪೊಳ್ಳಾಚಿ ತೆಂಗಿನಕಾಯಿ ತರಿಸಿ ಮಾರುವವರು, ನಾಲ್ಕಕ್ಷರ ಕಲಿತ ಗಂಭೀರ ಮನುಷ್ಯ, ಮಂಡಿ ಹಿಡಿದುಕೊಂಡು ಬಂದರು. ಬಾಬಿನ್ ಸುತ್ತುವ ಚಂದ್ರಾ ತಲೆನೋವು ಹೊತ್ತು ಬಂದಳು. ಸೆಲ್ಲಮ್ಮ ತನಗೇನೂ ಇಲ್ಲ, ಮುಂದೆ ಬರಬಹುದು ಎಂದಳು. ಒಬ್ಬೊಬ್ಬರೂ ಹೊಸಲಲ್ಲಿ ನಿಂತು ಆಳವಾಗಿ ಉಸಿರೆಳೆದು, ಒಳಗೆ ಬಂದು, "ಕಾಳಾನ್ ಕಷಾಯ ಇದೆಯಂತಲ್ಲ?" ಎಂದು ಭಕ್ತಿಯಿಂದ ಕೇಳಿದರು.

ಮಾಯಣ್ಣನಿಗೆ ಕೊಡುವುದಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ಪ್ರತಿ ಲೋಟದ ಜೊತೆಗೂ ಪಾಠ ಕೊಟ್ಟ. "ನೋಡ್ರಿ, ಅಣಬೆ ಸತ್ವ ಅಂತ ಯಾರು ಕೊಟ್ರೂ ತಗೋಬಾರದು. ಒಂದು, ನಾಲಿಗೆಗೆ ಕಹಿ ಇರಬೇಕು. ಬಿಸಿನೀರಲ್ಲಿ ಗಸಿ ನಿಲ್ಲಬಾರದು. ಮುಖ್ಯ ಅಯೋಡಿನ್! ನೀಲಿ ಬಂತೋ, ಬರೀ ಹಿಟ್ಟು."

"ನೀಲಿ ಬರಬಾರದು," ಎಂದು ಬೆಳ್ಳಿಯಪ್ಪ ತಲೆಯಾಡಿಸಿ ಲೋಟ ನೆಕ್ಕಿದರು. "ಮಾಯಣ್ಣಾ, ಈ ಅಣಬೆಗೆ ಕಡಿಯೋಕೆ ಒಂದು ಮುರುಕು ಚಕ್ಕುಲಿ ಇದ್ದಿದ್ರೆ ಇನ್ನೂ ಚೆನ್ನಾಗಿ ಹತ್ತೋದು."

ಚಂದ್ರಾ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದಳು. ತಲೆನೋವು ವಿಪರೀತ ಇರಬೇಕು, ಪಾಪ, ಎಂದುಕೊಂಡ ಮಾಯಣ್ಣ.

ಒಂದು ಗಂಟೆಗೆ ಆಗಬೇಕಾದದ್ದು ಆಯಿತು. ಕಮಲಾತಾಳ್ ತಾನಾಗಿ ತಟ್ಟೆ ಹಾಕಿಕೊಂಡು ಕೂತಳು. ಅನ್ನ, ಹುರುಳಿ ಸಾರು, ಮೇಲೆ ಮುತ್ತಮ್ಮಾಳ್ ಮನೆಯ ಬದನೆ ಪಲ್ಯ. ಒಂದು ಸಲ ಉಂಡಳು. ಸೌಟು ತೋರಿಸಿ ಇನ್ನೊಂದು ಸಲ ಹಾಕಿಸಿಕೊಂಡಳು. ಮಾಯಣ್ಣ ತಟ್ಟೆ ಬಿಟ್ಟು ಅವಳ ಮುಖವನ್ನೇ ನೋಡುತ್ತ ಬಡಿಸಿ ಸಾರನ್ನು ನೆಲಕ್ಕೆ ಚೆಲ್ಲಿದ.

"ನೆಲಕ್ಕೂ ಹಸಿವಾಗಿದೆ ಅಂತ ಕಾಣ್ಸುತ್ತೆ, ಇರ್ಲಿ ಹಾಕಿ," ಎಂದು ಕಮಲಾತಾಳ್ ನಕ್ಕಳು. ಆರು ತಿಂಗಳಲ್ಲಿ ಮೊದಲ ನಗು.

ಮಾಯಣ್ಣ ಗೋಡೆ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದ. ಅಷ್ಟು ಹೊತ್ತು ಕೆಮ್ಮುವಷ್ಟು ಕೆಮ್ಮು ಆಗ ಅವನಿಗೆ ಇರಲಿಲ್ಲ.

ಸಂಜೆ ಆರಕ್ಕೆ ದಂಡಪಾಣಿ ಕಾಗದದೊಂದಿಗೆ ಬಂದಾಗ ಬಾಟಲಿಯ ಬುಡ ಕಾಣುತ್ತಿತ್ತು. ಬೀದಿ ಪೂರ್ತಿ ಜಗುಲಿಯ ಮೇಲಿತ್ತು. ಮನೆಮಾತು ಕನ್ನಡವಾದರೂ ಚೆನ್ನಕೇಶವನ್‌ಗೆ ಬರೆಯಲು ಬರುತ್ತಿದ್ದುದು ತಮಿಳು. ಬೆಳ್ಳಿಯಪ್ಪ ಕನ್ನಡಕ ಏರಿಸಿ, ಒಂದೊಂದೇ ಸಾಲನ್ನು ಕನ್ನಡ ಮಾಡುತ್ತ ಜೋರಾಗಿ ಓದಿದರು.

"'ಅಕ್ಕಾ, ಭಾವನಿಗೆ ಗೊತ್ತಾಗದ ಹಾಗೆ ನೀನು ಬೆಳ್ಳಿಯಪ್ಪನ ಕೈಲಿ ಬರೆಸಿದ ಕಾಗದ ಸಿಕ್ಕಿತು...'" ಇಲ್ಲಿ ಬೆಳ್ಳಿಯಪ್ಪ ಒಮ್ಮೆ ಗಂಟಲು ಸರಿಮಾಡಿಕೊಂಡರು. "'ಭಾವನ ಕೆಮ್ಮು ಕೇಳಿ ನಿನಗೆ ಅನ್ನ ಇಳಿಯುತ್ತಿಲ್ಲ ಎಂದು ಬರೆದಿದ್ದೀಯ. ಅಳಬೇಡ. ನಾಲ್ಕು ಅಂಗಡಿ ಸುತ್ತಿ, ಮುದುಕ ಚೀನಾ ವೈದ್ಯನೊಬ್ಬನನ್ನು ಕೇಳಿ, ಎದೆಗೆ ಒಳ್ಳೆಯದೆಂದು ಅವನು ಹೇಳಿದ ಅಣಬೆ ಸತ್ವ ನೋಡಿ ಆರಿಸಿ ಕಳಿಸಿದ್ದೇನೆ. ತೆಳು ಬಣ್ಣದ ಪುಡಿ. ಸತ್ವ ಗಟ್ಟಿಯಾಗದಿರಲಿ ಎಂದು ಅಕ್ಕಿ ಹಿಟ್ಟಿನಲ್ಲಿ ಒಣಗಿಸಿರುತ್ತಾರೆ, ಹಿಟ್ಟೆಂದು ಸಂಶಯ ಪಡಬೇಡಿ. ದಿನಕ್ಕೆ ಒಂದು ಚಮಚ, ಮೂರು ತಿಂಗಳು. ಇನ್ನೊಂದು ಬಾಟಲಿ ನಿನಗೆ. ಬಿಸಿನೀರಿಗೆ ಹಾಕಿದರೆ ಸಾಕು, ಫಿಲ್ಟರೇ ಬೇಡದ ಕಾಪಿ ಪುಡಿ.'"

ಮಾಯಣ್ಣ ಮುತ್ತಮ್ಮಾಳನ್ನು ನೋಡಿದ. ಅವಳು ಆಕಾಶ ನೋಡಿದಳು. ಚಂದ್ರಾಳನ್ನು ನೋಡಿದ. ಅವಳು ಕೈಲಿದ್ದ ಬಾಬಿನ್ ನೋಡಿದಳು.

"ಎಲ್ಲಾರಿಗೂ ಗೊತ್ತಿತ್ತಾ?"

"ಮೂಗಿದ್ದೋರಿಗೆ," ಎಂದರು ಬೆಳ್ಳಿಯಪ್ಪ ಸಂಕೋಚದಿಂದ. ಜಗುಲಿ ಘೊಳ್ಳೆಂದಿತು.

ಕಮಲಾತಾಳ್ ಮಾತ್ರ ನಗಲಿಲ್ಲ. ಗಂಡನ ಹತ್ತಿರ ಬಂದು ಕೇಳಿದಳು: "ತೆಳು ಬಣ್ಣದ ಬಾಟಲಿ ಎಲ್ಲಿ?"

ಉತ್ತರ ಸೈಕಲ್ಲಿನ ಮೇಲೆ ಬಂತು. ಮೈಲ್‌ಸಾಮಿ ಬೆಲ್ಲು ಬಾರಿಸುತ್ತ ಬಂದು, ಕಾಲೂರಿ, ಹೊಟ್ಟೆ ಮುಂದೆ ಬಿಟ್ಟು ಮೊದಲಾಳಿಯಾದ: "'ಏನಯ್ಯಾ ಆ ಮೇಸ್ತ್ರಿ! ಬೆಳಿಗ್ಗೆಯಿಂದ ಮಿಷಿನ್ನಲ್ಲಿ ಒಂದೇ ಒಂದು ನೂಲು ಹರಿದಿಲ್ಲ! ನಾಳೆಯಿಂದ ನೂಲು ಸುತ್ತೋ ಎಲ್ಲಾ ಬೀಮಿಗೂ ಅದೇ ಗಂಜಿ ಹಾಕಬೇಕು, ಹೇಳು ಅವನಿಗೆ!'" ಆಮೇಲೆ ತನ್ನ ಸ್ವಂತ ದನಿಯಲ್ಲಿ, "ಮಾಯಣ್ಣಾ, ಆ ಬಾಟಲಿ ಇನ್ನೂ ಇದೆಯಾ?" ಎಂದ.

ಮೂರು ತಿಂಗಳ ಔಷಧಿ ಕುಡಿದು ಇಪ್ಪತ್ತು ಸಾವಿರ ಗಜ ನೂಲು ಪಲ್ಲಡದಲ್ಲಿ ಒಂದು ಕೆಮ್ಮೂ ಇಲ್ಲದೆ ಮಲಗಿತ್ತು.

ಮಾಯಣ್ಣ ಮೆಟ್ಟಿಲ ಮೇಲೆ ಕೂತ. ಕಮಲಾತಾಳ್ ಅವನ ಬೋಳುತಲೆಯನ್ನು ನೋಡಿದಳು. ಒಳಗೆ ಹೋಗಿ, ಖಾಲಿ ಬಾಟಲಿಗೆ ಬಿಸಿನೀರು ಹಾಕಿ ಅಲುಗಾಡಿಸಿ, ಬಂದ ಅರ್ಧ ಲೋಟವನ್ನು ಅವನ ಕೈಗಿಟ್ಟಳು.

"ನಂಗೆ ಯಾಕೆ? ನಂಗೆ ವಾಸನೇನೂ ಗೊತ್ತಾಗಲ್ಲ," ಎಂದ.

"ನಾನು ಹೇಳ್ತೀನಿ, ನೀವು ಕುಡೀರಿ," ಎಂದು ಪಕ್ಕದಲ್ಲಿ ಕೂತಳು. "ನಮ್ಮ ಮದುವೆ ದಿನ ಬೆಳಿಗ್ಗೆ, ಕೊರೆಯೋ ಚಳಿ, ನಿಮ್ಮಮ್ಮ ಅಡುಗೆಮನೇಲಿ ಫಿಲ್ಟರ್ ತಟ್ತಾ ಇದ್ರಲ್ಲ... ಆ ವಾಸನೆ."

ಮಾಯಣ್ಣ ಕುಡಿದ. ಲೋಟ ಕೆಳಗಿಟ್ಟು ಒಳಗೆ ಹೋದ. ಏಣಿ ಹಾಕುವ ಸದ್ದು, ಚರಕ ಸರಿಸುವ ಸದ್ದು ಕೇಳಿತು. ಧೂಳು ಹಿಡಿದ ಫಿಲ್ಟರನ್ನು ಪಂಚೆಯಲ್ಲಿ ಒರೆಸುತ್ತ ಹೊರಗೆ ಬಂದು ಅವಳ ಮಡಿಲಲ್ಲಿಟ್ಟ.

ಕಮಲಾತಾಳ್ ಜಗುಲಿಯ ತಲೆಗಳನ್ನು ಒಮ್ಮೆ ಎಣಿಸಿದಳು. ಯಾರೂ ಎದ್ದು ಹೋಗುವ ಲಕ್ಷಣ ಕಾಣಲಿಲ್ಲ. "ಇಲ್ಲಿ ನೋಡ್ರಿ," ಎಂದಳು ಗಂಡನಿಗೆ, ಮುಖ ಗಂಭೀರ ಮಾಡಿಕೊಂಡು, "ನಾಳೆ ಬೆಳಿಗ್ಗೆ ಎಷ್ಟು ಲೋಟ ಅಣಬೆ ಇಡಲಿ?"

ಮಾಯಣ್ಣ ಉತ್ತರ ಹೇಳಲು ಬಾಯಿ ತೆರೆದ.

ಖಟಕ್ ಖಟಕ್ ಎಂದು ಕೆಮ್ಮು ಬಂತು.